ಏಳನೆಯ ಭಾಗದ ಉಳಿದ ಪುಟಗಳು

ಕೆಂಚನಾಯಕ ಸತ್ತಿರಲಿಲ್ಲ, ಅಕ್ಕ. ಅವನು ಸತ್ತ ಎಂದು ಓದಿದವಳು ನಾನು. ಪುಸ್ತಕದಲ್ಲಿ ಹಾಗೆ ಇರಲಿಲ್ಲ. ಕತೆ ಇಲ್ಲಿಗೆ ಮುಗಿಯಿತು ಎಂದವಳೂ ನಾನೇ. ಮುಗಿದಿರಲಿಲ್ಲ. ಆ ಭಾಗದಲ್ಲೇ ಇನ್ನೂ ನೂರಕ್ಕೆ ಮೇಲ್ಪಟ್ಟು ಪುಟಗಳಿದ್ದವು, ಅದರ ಮೇಲೆ ಎರಡು ಭಾಗಗಳು ಬಂದವು. ನಿನ್ನ ಕಣ್ಣು ಅಕ್ಷರ ಹಿಡಿಯುತ್ತಿರಲಿಲ್ಲ, ಆದ್ದರಿಂದ ನಾನು ಹೇಳಿದ್ದನ್ನು ನಂಬಿದೆ. ನಂಬಿಕೊಂಡೇ ಹೋದೆ.

ಇದನ್ನು ಐದು ವರ್ಷ ಯಾರಿಗೂ ಹೇಳಿರಲಿಲ್ಲ. ನಿನ್ನ ಮೈದುನರಿಗೂ, ಅಂದರೆ ನನ್ನ ಯಜಮಾನರಿಗೂ, ಹೇಳಿರಲಿಲ್ಲ — ಹೇಳಿದರೆ ಅವರು ‘ಕತೆಪುಸ್ತಕದ ವಿಷಯಕ್ಕೆ ಇಷ್ಟೊಂದಾ’ ಎಂದು ನಕ್ಕುಬಿಡುತ್ತಿದ್ದರು. ಅವರು ನಕ್ಕಿದ್ದರೆ ನನಗೂ ಹಗುರಾಗಿಬಿಡುತ್ತಿತ್ತೇನೋ. ಆ ಹಗುರ ನನಗೆ ಬೇಡವಾಗಿತ್ತು.

ಬೇರೆಯವರು ಯಾರಾದರೂ ಇದನ್ನು ಓದಿದರೆ ಅವರಿಗೆ ತಿಳಿಯಲಿ: ನೀನು ನನ್ನ ಒಡಹುಟ್ಟಿದ ಅಕ್ಕನಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ವಾರಗಿತ್ತಿ. ಗೆದ್ದಲಹಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹಿತ್ತಲ ಗೋಡೆಯ ಆಚೆ ಇನ್ನೂ ನಮ್ಮದೇ ಹೊಲವಿತ್ತು; ಈಗ ಅದನ್ನು ಎಲ್ಲರೂ ಸಂಜಯನಗರ ಎನ್ನುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ನೀನು ಹತ್ತು ಮುಗಿಸಿದವಳು. ನಾನು ರಾಗಿ ಮುದ್ದೆ ತಿರುವುತ್ತಿದ್ದರೆ ನೀನು ಹೊಸಿಲ ಮೇಲೆ ಕೂತು ಕಾದಂಬರಿ ಓದಿ ಹೇಳುತ್ತಿದ್ದೆ. ಅತ್ತೆ ಬಂದರೆ ಪುಸ್ತಕ ಸೆರಗಿನೊಳಗೆ. ‘ಏನ್ರೇ ಅದು ಪಿಸಪಿಸ?’ ಎಂದರೆ ‘ಲಲಿತಾ ಸಹಸ್ರನಾಮ ಕಣತ್ತೆ’ ಎನ್ನುತ್ತಿದ್ದೆ ನೀನು, ಕಣ್ಣು ಮಿಟುಕಿಸದೆ. ನನಗೆ ಓದುವ ರುಚಿ ಹತ್ತಿದ್ದು ಶಾಲೆಯಲ್ಲಲ್ಲ, ಆ ಒಲೆಯ ಮುಂದೆ.

ಆಮೇಲೆ ಭಾವನವರು ಒಂದು ಬೆಳಿಗ್ಗೆ ಯಲಹಂಕಕ್ಕೆಂದು ಸ್ಕೂಟರಿನಲ್ಲಿ ಹೊರಟವರು, ಹೆಬ್ಬಾಳದ ತಿರುವಿನಲ್ಲಿ — ಅದನ್ನು ಬರೆಯುವುದಿಲ್ಲ. ನೀನೂ ಅದರ ಮಾತು ಆಡುತ್ತಿರಲಿಲ್ಲ. ಅದಾದ ಕೆಲವು ವರ್ಷಕ್ಕೆ ನಿನ್ನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮುಖ ಗುರುತು ಸಿಗುತ್ತಿತ್ತು, ಬಾಗಿಲು ಕಿಟಕಿ ಗೊತ್ತಾಗುತ್ತಿತ್ತು, ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದೆ. ಆಗಿನಿಂದ ಓದುವ ಸರದಿ ನನಗೆ ಬಂತು. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದಿಟ್ಟು, ನಡುಮನೆಯ ಕಂಬಕ್ಕೆ ಒರಗಿ ನೀನು, ಬೆಳಕಿಗೆ ಬೆನ್ನು ಮಾಡಿ ನಾನು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದೇ ರಾಗದಲ್ಲಿ ಓದುತ್ತಿದ್ದೆ. ಚೆನ್ನಾಗಿ ಓದುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ನಿನಗೆ ಬೇರೆ ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿನ್ನ ಕಣ್ಣು ಹೋದದ್ದಕ್ಕೆ ನಾನು ಅತ್ತಿದ್ದೇನೆ, ಅದು ಸುಳ್ಳಲ್ಲ. ಆದರೆ ನನ್ನ ಹೊರತು ನಿನಗೆ ಕತೆ ಇಲ್ಲ ಎಂಬುದರಲ್ಲಿ ನನಗೆ ಒಂದು ಸುಖವೂ ಇತ್ತು. ಈ ಮನೆಯಲ್ಲಿ ನಾನು ಮಾಡುವ ಕೆಲಸವನ್ನೆಲ್ಲ ಯಾರಾದರೂ ಮಾಡಬಹುದಿತ್ತು. ಇದೊಂದು ನನ್ನದಾಗಿತ್ತು.

ನಾವು ಓದುತ್ತಿದ್ದದ್ದು ‘ತೂಬಿನಾಚೆ’ ಎಂಬ ಕಾದಂಬರಿ ಮಾಲೆ. ಶಾಲಿನಿ ಎಂಬ ಈ ಕಾಲದ ಹುಡುಗಿ, ಸರ್ವೆ ಆಫೀಸಿನವಳು, ಕೆರೆ ಅಳೆಯಲು ಬಂದು, ಏರಿಯ ಕೆಳಗೆ ನೀರು ಬಿಡುವ ಹಳೇ ಕಲ್ಲುತೂಬಿನೊಳಗೆ ಇಳಿದು ಪಾಳೇಗಾರರ ಕಾಲಕ್ಕೆ ಹೋಗಿಬಿಡುತ್ತಾಳೆ. ಅಲ್ಲಿ ಕೆರೆ ಕಾಯುವ ಪಡೆಯ ಕೆಂಚನಾಯಕ. ಪ್ರತಿ ಭಾಗದ ಕೊನೆಗೂ ಏನೋ ಒಂದಾಗಿ ಅವಳು ಈ ಕಾಲಕ್ಕೆ ಬಂದು ಬೀಳುತ್ತಾಳೆ. ಮುಂದಿನ ಭಾಗದಲ್ಲಿ ಮತ್ತೆ ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಮೊದಲ ಸಲ ಅವನ ಹೆಸರು ಓದಿದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ.

‘ಕೆಂಚನಾಯಕ ಅಂತೆ! ನಮ್ಮಾವ ಎತ್ತಿಗೆ ಇಟ್ಟಿದ್ದ ಹೆಸ್ರು ಕಣೆ ಗಿರಿ ಅದು. ಆ ಎತ್ತೂ ಅಷ್ಟೇಯ, ಯಾರ್ ಮಾತೂ ಕೇಳ್ತಿರ್ಲಿಲ್ಲ.’

ಎರಡನೆಯ ಭಾಗ ಮುಗಿಯುವ ಹೊತ್ತಿಗೆ ನೀನು ನಗುವುದು ಬಿಟ್ಟಿದ್ದೆ. ಅವನ ಮಾತು ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಪುಸ್ತಕಗಳು ಆರ್.ಟಿ. ನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬರುತ್ತಿದ್ದವು. ಅಂಥ ಲೈಬ್ರರಿಗಳಲ್ಲಿ ಓದುವ ಹೆಂಗಸರಿಗೆ ಒಂದು ಅಭ್ಯಾಸವಿದೆ. ಓದಿದ್ದನ್ನೇ ಮರೆತು ಮತ್ತೆ ತರಬಾರದು ಎಂದು ಒಬ್ಬೊಬ್ಬರೂ ಒಂದೊಂದು ಪುಟದಲ್ಲಿ ತಮ್ಮದೇ ಒಂದು ಗುರುತು ಹಾಕುತ್ತಾರೆ. ಒಬ್ಬರು ಇಪ್ಪತ್ತನೇ ಪುಟದ ಅಂಕಿಗೆ ಸುತ್ತು ಹಾಕಿದರೆ, ಇನ್ನೊಬ್ಬರು ನೂರನೇ ಪುಟದ ಮೂಲೆಯಲ್ಲಿ ಹೂವು ಬಿಡಿಸುತ್ತಾರೆ. ನಿನ್ನದು ಐವತ್ಮೂರನೆಯ ಪುಟದಲ್ಲಿ, ಅಂಕಿಯ ಕೆಳಗೆ ಮೂರು ಚುಕ್ಕಿ. ನನ್ನದು ಅದರ ಪಕ್ಕದಲ್ಲೇ ಒಂದು ಗೀಟು. ಕಣ್ಣು ಹೋದ ಮೇಲೆ ನಿನ್ನ ಚುಕ್ಕಿಗಳನ್ನೂ ನಾನೇ ಇಡುತ್ತಿದ್ದೆ — ಕತೆ ಮುಗಿದ ದಿನ, ಪೆನ್ಸಿಲಿನಲ್ಲಿ, ನಿನಗೆ ಹೇಳಿ. ‘ಇಟ್ಯೇನೆ?’ ಎನ್ನುತ್ತಿದ್ದೆ ನೀನು. ‘ಇಟ್ಟೆ ಅಕ್ಕ’ ಎಂದು ನಾನು ಹೇಳಿದ ಮೇಲೆ ಪುಸ್ತಕ ಇಸಿದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಇಬ್ಬರಲ್ಲಿ ಯಾರೂ ಒಬ್ಬರೇ ಮುಂದೆ ಹೋಗಬಾರದು ಎಂಬುದು ನಮ್ಮ ಒಪ್ಪಂದ. ನಾನೂ ಕದ್ದು ಓದುತ್ತಿರಲಿಲ್ಲ. ಓದುವ ಆಸೆ ಎಷ್ಟೋ ಸಲ ಆಗಿತ್ತು, ಆದರೂ ಓದಿರಲಿಲ್ಲ.

ಇನ್ನು ವೀಣಾ. ಮಹಡಿ ಮನೆಗೆ ಬಾಡಿಗೆಗೆ ಬಂದ ಮೈಸೂರಿನ ಹುಡುಗಿ, ಡಿಗ್ರಿ ಓದಿದವಳು, ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ನೀನೇ ಅವಳನ್ನು ಲೈಬ್ರರಿಗೆ ಸೇರಿಸಿದೆ. ಅವಳು ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ನಿನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಪತ್ರಿಕೆಯ ಕತೆಗಳನ್ನು ಓದಿ ಹೇಳುತ್ತಿದ್ದಳು. ನಾನು ಕೆಳಗೆ ಅಕ್ಕಿ ಆರಿಸುತ್ತ ನಿಮ್ಮ ನಗು ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಇಳಿದು ಬಂದವಳೇ ನೀನು ಹೇಳಿದೆ: ‘ಆ ಹುಡ್ಗಿ ಓದಿದ್ರೆ ಕುದ್ರೆ ಸದ್ದು ಕೇಳಿಸ್ತದೆ ಕಣೆ. ಮುದುಕಿ ಮಾತು ಬಂದ್ರೆ ಮುದುಕಿ ತರಾನೇ ಕೆಮ್ತಾಳೆ.’

‘ನಂಗೆ ಕೆಮ್ಮೋಕೆ ಬರಲ್ಲಕ್ಕ’ ಎಂದೆ.

‘ಅಯ್ಯ, ನಿನ್ ಮೂಗು ಆಗ್ಲೇ ಕೆಂಪಾಯ್ತಾ? ನಿನ್ ಓದು ನಿಂದು, ಅವಳ್ದು ಅವಳ್ದು.’ ನಗುತ್ತಲೇ ಹೇಳಿದ್ದೆ ನೀನು. ನಾನೂ ನಕ್ಕೆ. ಆ ಮಧ್ಯಾಹ್ನ ಓದುವಾಗ ಒಂದು ಕಡೆ ದನಿ ಬದಲಿಸಿ ನೋಡಿದೆ, ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಎಲ್ಲ ಮೊದಲಿನ ಹಾಗಿದ್ದ ಕೊನೆಯ ದಿನ ಯಾವುದು ಎಂದು ಕೇಳಿದರೆ ನನಗೆ ಗೊತ್ತಿದೆ. ಅವರೆಕಾಯಿ ಕಾಲ. ನಾನು ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ದೊಡ್ಡಬಳ್ಳಾಪುರಕ್ಕೆ ಹೋಗಿ ಹತ್ತು ದಿನ ಇದ್ದು ಬಂದಿದ್ದೆ. ಬಂದ ಮರುದಿನವೇ ಲೈಬ್ರರಿಗೆ ಹೋದರೆ ಆರನೆಯ ಭಾಗ ಬಂದಿತ್ತು. ಅವತ್ತಿನಿಂದ ಒಂದು ತಿಂಗಳು ಓದಿದೆವು. ಆ ದಿನ ಕೊನೆಯ ಅಧ್ಯಾಯ. ನೀನು ನೆನೆಸಿದ ಅವರೆಕಾಳಿನ ಪಾತ್ರೆ ಮಡಿಲಿಗೆ ಎಳೆದುಕೊಂಡು ಹಿತುಕುತ್ತಿದ್ದೆ. ಆ ಕೆಲಸಕ್ಕೆ ನಿನಗೆ ಕಣ್ಣು ಬೇಕಿರಲಿಲ್ಲ. ಬೆರಳು ಒತ್ತಿದರೆ ಬೇಳೆ ಬಟ್ಟಲಿಗೆ, ಸಿಪ್ಪೆ ನೆಲದ ಪೇಪರಿಗೆ. ಸಾರಿಗೆ ಮಸಾಲೆ ರುಬ್ಬಿಟ್ಟಿದ್ದೆ. ಹೊರಗೆ ಬಿಸಿಲು ಹಿತವಾಗಿತ್ತು. ನನಗೆ ಮನಸ್ಸು ತುಂಬಿತ್ತು — ಕತೆಯಲ್ಲಿ ಏನು ಬರುತ್ತದೆಂದು ಇಬ್ಬರಿಗೂ ಗೊತ್ತಿಲ್ಲ, ಬರುವುದು ನನ್ನ ಬಾಯಿಂದಲೇ ಬರಬೇಕು.

ಕೆರೆ ಏರಿ ಒಡೆಯಿತು. ಕೆಂಚನಾಯಕ ಜನರನ್ನು ದಡಕ್ಕೆ ಎಳೆದು ಹಾಕುತ್ತ ಹಾಕುತ್ತ ನೀರಿನಲ್ಲಿ ಕೊಚ್ಚಿಹೋದ. ಶಾಲಿನಿ ಅವನ ಕೈ ಹಿಡಿದದ್ದು ಜಾರಿ, ತೂಬಿನಲ್ಲಿ ಸಿಕ್ಕಿ ಈ ಕಾಲಕ್ಕೆ ಬಂದು ಬಿದ್ದಳು. ನೀನು ‘ಅಯ್ಯೋ ಶಿವನೇ’ ಎಂದೆ. ‘ಸಿಕ್ತಾನೆ ಬಿಡೆ, ಮುಂದಿನ್ ಭಾಗದಾಗೆ ಸಿಕ್ತಾನೆ. ಕತೇಲಾದ್ರೂ ವಾಪಸ್ ಬರ್ಬೇಕು ಕಣೆ. ಅಷ್ಟೂ ಬರ್ದೆ ಇದ್ರೆ ಎಂಗೆ?’ ಎಂದೆ. ನೀನು ಯಾರನ್ನು ನೆನೆದು ಹೇಳಿದೆ ಎಂದು ನನಗೆ ತಿಳಿಯದೆ ಇರಲಿಲ್ಲ.

ಆಮೇಲೆ ನೀನು ‘ಇಡೆ ಚುಕ್ಕಿ’ ಎಂದೆ. ನಾನು ಪೆನ್ಸಿಲ್ ತೆಗೆದುಕೊಂಡು ಐವತ್ಮೂರನೆಯ ಪುಟಕ್ಕೆ ಹೋದೆ.

ಮೂರು ಚುಕ್ಕಿ ಆಗಲೇ ಇದ್ದವು. ನೀಲಿ ಬಾಲ್‌ಪೆನ್ನಿನಲ್ಲಿ, ಒಂದು ಅಂಕಿಯ ಕೆಳಗೆ, ಇನ್ನೊಂದು ಅಕ್ಷರದ ಮೇಲೆ ಹತ್ತಿ, ಮೂರನೆಯದು ದೂರ ಹೋಗಿ — ಕಾಣದ ಕಣ್ಣಿನವರು ಅಂದಾಜಿನಲ್ಲಿ ಇಟ್ಟ ಹಾಗೆ. ಓದುವಾಗ ಯಾರದೋ ಪೆನ್ನಿನ ಕಲೆ ಎಂದುಕೊಂಡು ದಾಟಿಬಿಟ್ಟಿದ್ದೆ. ಹಿಂದಿನ ಹಾಳೆಗೆ ಅಂಟಿಸಿದ ಚೀಟಿ ತಿರುಗಿಸಿದೆ. ಆ ಲೈಬ್ರರಿಯವರು ಪುಸ್ತಕ ತೆಗೆದುಕೊಂಡು ಹೋದವರ ಹೆಸರು, ತಾರೀಖು ಬರೆಯುತ್ತಿದ್ದರು. ನನ್ನ ಹೆಸರಿನ ಮೇಲಿನ ಸಾಲಿನಲ್ಲಿ: ವೀಣಾ, ಗೆದ್ದಲಹಳ್ಳಿ. ತಾರೀಖು ನಾನು ದೊಡ್ಡಬಳ್ಳಾಪುರದಲ್ಲಿದ್ದ ಹತ್ತು ದಿನಗಳಲ್ಲಿ ಒಂದು.

ಆಗ ನೆನಪಾಯಿತು. ಏರಿ ಒಡೆಯುವ ಜಾಗದಲ್ಲಿ ನಿನ್ನ ಬಾಯಿ ‘ಅಯ್ಯೋ’ ಎಂದಿತು, ಬೆರಳು ನಿಂತಿರಲಿಲ್ಲ. ಒಂದೇ ಸಮನೆ ಹಿತುಕುತ್ತಲೇ ಇತ್ತು. ಮುಂಚಿನ ಭಾಗಗಳಲ್ಲಿ ಕತ್ತಿ ಎತ್ತಿದರೆ ಸಾಕು, ನಿನ್ನ ಕೈಯ ಕೆಲಸ ಹಾಗೇ ನಿಂತುಬಿಡುತ್ತಿತ್ತು. ಒಂದು ತಿಂಗಳಿನಿಂದ ನಿನಗೆ ಎಲ್ಲ ಗೊತ್ತಿತ್ತು. ನಾನು ಬೆರಳಿಟ್ಟು ತಡವರಿಸುತ್ತ ಓದುತ್ತಿದ್ದದ್ದನ್ನು, ಆಗಲೇ ಕುದುರೆ ಸದ್ದಿನ ಸಮೇತ ಕೇಳಿ ಮುಗಿಸಿದ್ದನ್ನು, ನೀನು ಮತ್ತೆ ಮೊದಲಿನಿಂದ —

‘ಇಟ್ಯೇನೆ?’ ಎಂದೆ ನೀನು.

‘ಇಟ್ಟೆ ಅಕ್ಕ’ ಎಂದೆ.

ಅಲ್ಲೇ ಕೇಳಬಹುದಿತ್ತು. ‘ಯಾಕಕ್ಕ ಹಿಂಗ್ ಮಾಡ್ದೆ?’ ಎಂದು ಜಗಳ ಆಡಿದ್ದರೆ ನೀನು ನನ್ನ ತಲೆಗೆ ಒಂದು ಮೊಟಕಿ, ಇಬ್ಬರೂ ಅತ್ತು, ಹಿತಕಿದ ಬೇಳೆ ಸಾರು ಮಾಡಿಕೊಂಡು ಉಣ್ಣುತ್ತಿದ್ದೆವು. ನಾನು ಕೇಳಲಿಲ್ಲ. ಮನಸ್ಸಿನಲ್ಲಿ ಮುಚ್ಚಿ ಇಟ್ಟುಕೊಂಡೆ. ಮುಚ್ಚಿಟ್ಟದ್ದು ಹುದುಗು ಬಂತು. ನೀನು ತಾರಸಿಗೆ ಹೋದರೆ ಪಾತ್ರೆ ಸದ್ದು ಮಾಡಿ ತೊಳೆದೆ. ವೀಣಾ ಕೊಟ್ಟ ಮೈಸೂರುಪಾಕನ್ನು ‘ನಿನಗೆ ಸಿಹಿ ಆಗದು’ ಎಂಬ ನೆಪ ಹೇಳಿ ಅವಳ ಎದುರಿಗೇ ಡಬ್ಬದಲ್ಲಿ ಮುಚ್ಚಿದೆ. ನೀನು ನಗುವಾಗಲೆಲ್ಲ, ಈ ನಗು ನಿಜವೋ ನನಗಾಗಿ ಆಡುತ್ತಿರುವುದೋ ಎಂದು ನೋಡಿದೆ. ಐದು ತಿಂಗಳು ಹೀಗೆ.

ಯಶವಂತಪುರಕ್ಕೆ ಮೆಟ್ರೊ ಬಂದ ಬೇಸಿಗೆ ಅದು. ನಿನ್ನ ಮೈದುನರು ಪೀಣ್ಯದ ಲೇತ್ ಕೆಲಸಕ್ಕೆ ಅದರಲ್ಲೇ ಹೋಗಲು ಶುರುಮಾಡಿ, ಬೇಗ ಮನೆಗೆ ಬಂದು, ಸಂಜೆಗೆ ಬೋಂಡ ಬೇಕು ಎನ್ನುತ್ತಿದ್ದರು. ಏಳನೆಯ ಭಾಗ ಆಗ ಬಂತು. ಈ ಸಲ ಬಂದ ದಿನವೇ ತಂದು, ಓದಿದ ಮೇಲೆ ಬೀರುವಿನಲ್ಲಿ ಸೀರೆಯ ಕೆಳಗೆ ಇಡುತ್ತಿದ್ದೆ. ವೀಣಾಳ ಕೈಗೆ ಸಿಗಬಾರದು ಎಂದು.

ದಿನಕ್ಕೆ ಇಷ್ಟಿಷ್ಟು ಓದಿದೆವು. ಇನ್ನೂರ ಎಂಬತ್ತನೆಯ ಪುಟಕ್ಕೆ ನಿಲ್ಲಿಸಿದ ದಿನ ಸಂಜೆ, ಮೊದಲ ಸಲ, ನಾನು ಒಪ್ಪಂದ ಮುರಿದೆ. ಒಬ್ಬಳೇ ಕೂತು ಮುಂದಿನದನ್ನು ಓದಿದೆ. ಶಾಲಿನಿ ವರ್ಷಗಟ್ಟಲೆ ಕಾದು, ಹಳೇ ಕೆರೆ ಇದ್ದ ಜಾಗಕ್ಕೆ ಹೋಗುತ್ತಾಳೆ. ಅಲ್ಲಿ ಈಗ ಬಡಾವಣೆ. ಕಾಂಪೌಂಡಿನ ಮೂಲೆಯಲ್ಲಿ ಒಂದು ವೀರಗಲ್ಲು, ಅದರ ಮೇಲೆ ಕೆಂಚನಾಯಕನ ಹೆಸರು. ಅವಳು ಕುಸಿದು ಕೂರುತ್ತಾಳೆ. ಆಮೇಲೆ ಎದ್ದು, ಕಲ್ಲಿನ ಬುಡದ ಮಣ್ಣು ಕೆರೆದು ಕೆಳಗಿನ ಸಾಲು ಓದುತ್ತಾಳೆ. ಸತ್ತವನು ಕೆಂಚನಾಯಕನ ತಮ್ಮ. ಕಲ್ಲು ನಿಲ್ಲಿಸಿದವನು ಕೆಂಚನಾಯಕ. ಅವನು ಬದುಕಿದ್ದ. ಅವಳು ತೂಬಿಗೆ ಓಡುತ್ತಾಳೆ. ನಾನು ಅಲ್ಲಿಗೆ ಪುಸ್ತಕ ಮುಚ್ಚಿದೆ. ನಾಳೆ ಇದನ್ನು ಕೇಳಿ ನಿನಗೆ ಏನಾಗಬಹುದು ಎಂದು ಯೋಚಿಸಿ ಸಂತೋಷಪಟ್ಟೆ — ಹೌದು, ಮೊದಲು ಬಂದದ್ದು ಸಂತೋಷವೇ. ಅದರ ಹಿಂದೆಯೇ ಇನ್ನೊಂದು ಬಂತು. ಇದೆಲ್ಲ ನನ್ನ ಕೈಯಲ್ಲಿದೆ. ಕೊಡುವವಳೂ ನಾನು, ಕೊಡದೆ ಇರುವವಳೂ ನಾನು.

ಮರುದಿನ ನಿಜವಾಗಿ ಹಾಗೆ ಮಾಡಬೇಕೆಂದೇ ಕೂತೆನೇ? ಗೊತ್ತಿಲ್ಲ. ಅರ್ಧ ಮನಸ್ಸು ಇತ್ತು ಎಂದು ಬರೆಯುತ್ತೇನೆ; ಪೂರ್ತಿ ಇರಲಿಲ್ಲ ಎಂದರೆ ತಪ್ಪಿಸಿಕೊಂಡ ಹಾಗೆ. ವೀರಗಲ್ಲಿನ ಪುಟ ಶುರುವಾಯಿತು. ನನಗೆ ಅವಸರ, ಮುಂದಿನದು ಗೊತ್ತಿದ್ದರಿಂದ ಓಡುತ್ತಿದ್ದೆ. ನೀನು ಕೈಯೆತ್ತಿ ತಡೆದೆ.

‘ನಿಧಾನುಕ್ ಓದೆ ಗಿರಿ. ರೈಲು ಬಿಟ್ಟಂಗೆ ಓದ್ಬೇಡ. ವೀಣಾ ಆಗಿದ್ರೆ ಇಂತಾ ಕಡೆ ನಿಲ್ಲುಸ್ತಾಳೆ.’

ಅಷ್ಟೇ ಮಾತು. ಅದರಲ್ಲಿ ಕುಹಕವಿರಲಿಲ್ಲ.

ನಾನು ನಿಲ್ಲಿಸಿದೆ. ಅವಳು ನಿಲ್ಲಿಸುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದೆ. ಆಮೇಲೆ ಬೆರಳು ಸಾಲಿನ ಕೆಳಗೇ ಇಟ್ಟುಕೊಂಡು, ಕಣ್ಣು ಅಕ್ಷರದ ಮೇಲೇ ಇಟ್ಟುಕೊಂಡು, ಅಲ್ಲಿ ಇಲ್ಲದ್ದನ್ನು ಓದಿದೆ. ‘ಕೆಂಚನಾಯಕ ಅಂದೇ ನೀರಿನಲ್ಲಿ ಮಡಿದಿದ್ದ. ಶಾಲಿನಿ ಕಲ್ಲಿಗೆ ಕುಂಕುಮ ಹಚ್ಚಿದಳು. ತೂಬಿನ ಬಾಯಿಗೆ ಕಲ್ಲು ಮುಚ್ಚಿಸಿದಳು. ಮತ್ತೆ ಆ ಕಡೆ ಹೋಗಲಿಲ್ಲ.’ ಜೀವನದಲ್ಲಿ ಒಂದು ಸಾಲು ಕತೆ ಕಟ್ಟದವಳು ನಾನು. ಅವತ್ತು ಮಾತು ತಾನಾಗಿ ಬಂತು. ತಡವರಿಸದೆ ಓದಿದೆ. ಕೊನೆಯ ಮಾತಿಗೆ ಮಾತ್ರ ದನಿ ಒಡೆಯಿತು. ಅದು ಭಯಕ್ಕೆ.

‘ಅಷ್ಟೇ ಅಕ್ಕ. ಕತೆ ಮುಗೀತು’ ಎಂದೆ.

ನಿನ್ನ ಕೈ ಮಡಿಲಿನಲ್ಲಿ ಅಂಗಾತ ಬಿದ್ದಿತ್ತು. ‘ಸತ್ತೋದ್ನಾ?’ ಎಂದೆ.

‘ಹೂಂ.’

‘ಅಂಗಾದ್ರೆ ಅವ್ಳು ಅಷ್ಟ್ ವರ್ಸ ಯಾತಕ್ ಕಾದಿದ್ದು?’

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

‘ಇಷ್ಟ್ ಬೇಗ ಮುಗೀತಾ? ಆರನೇದು ತಿಂಗ್ಳು ಓದಿದ್ವಲ್ಲೆ.’

‘ಇದು ಸಣ್ಣದಕ್ಕ.’

ನೀನು ಕೈ ಚಾಚಿದೆ. ಪುಸ್ತಕ ಮುಚ್ಚಿಯೇ ಕೊಟ್ಟೆ, ಬೆರಳು ಎಲ್ಲಿತ್ತು ಎಂದು ತಿಳಿಯಬಾರದು ಎಂದು. ನೀನು ಅದನ್ನು ಅಂಗೈಯಲ್ಲಿ ತೂಗಿ, ‘ತೂಕ ಐತಲ್ಲೆ’ ಎಂದೆ. ಹಿಂದೆ ಬೇರೆ ಪುಸ್ತಕಗಳ ಜಾಹೀರಾತು ಹಾಕಿದ್ದಾರೆ ಎಂದೆ. ನೀನು ಅದನ್ನು ಕಣ್ಣಿಗೆ ಒತ್ತಿಕೊಂಡೆ. ತುಂಬ ಹೊತ್ತು ಒತ್ತಿಕೊಂಡಿದ್ದೆ. ತೆಗೆದಾಗ ರಟ್ಟು ಒದ್ದೆಯಾಗಿತ್ತು. ‘ನಿಂಗೂ ಅಳು ಬಂತಲ್ಲೆ, ಪಾಪ’ ಎಂದು ನನ್ನ ಮೊಣಕಾಲು ತಟ್ಟಿದೆ. ನೀನೇ ನನ್ನನ್ನು ಸಮಾಧಾನ ಮಾಡಿದೆ.

ನಾನು ಐವತ್ಮೂರನೆಯ ಪುಟ ತೆಗೆದು ನಿನ್ನ ಮೂರು ಚುಕ್ಕಿ ಇಟ್ಟೆ. ನೀನು ಓದಿ ಮುಗಿಸಿದೆ ಎಂಬ ಗುರುತು. ಅದೂ ಸುಳ್ಳು.

ಮರುದಿನ ಊಟವಾದ ಮೇಲೆ ನೀನು ಕಂಬದ ಹತ್ತಿರ ಬರಲಿಲ್ಲ. ಬೇರೆ ಕಾದಂಬರಿ ತಂದರೆ ‘ತಲೆ ಭಾರ, ಬ್ಯಾಡ ಬಿಡೆ’ ಎಂದೆ. ರೇಡಿಯೋ ಹಚ್ಚಿಕೊಂಡು ಗೋಡೆಗೆ ತಿರುಗಿ ಮಲಗುತ್ತಿದ್ದೆ. ಮಹಡಿಗೂ ಹೋಗುವುದು ಕಡಿಮೆಯಾಯಿತು. ನಿನ್ನನ್ನು ಅವಳಿಂದ ಕಿತ್ತುಕೊಳ್ಳಬೇಕೆಂದಿದ್ದೆ. ನನ್ನ ಓದಿನಿಂದಲೂ ಕಿತ್ತುಹಾಕಿದ್ದೆ. ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆ! ಹೇಳಿದರೆ ಆ ಐದು ತಿಂಗಳಿನದೂ ಹೇಳಬೇಕಾಗುತ್ತಿತ್ತು. ನನ್ನ ಹೊಟ್ಟೆಕಿಚ್ಚನ್ನು ನಿನ್ನ ಮುಂದೆ ಬಿಚ್ಚಿ ತೋರಿಸಬೇಕಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನೀನು ಇರುತ್ತೀಯಲ್ಲ ಎಂದುಕೊಂಡೆ.

ಆಷಾಢ ಕಳೆಯುವಷ್ಟರಲ್ಲಿ ಕಾಲು ಬಾತುಕೊಂಡಿತು. ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಿ ಬರುವುದು. ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ತಾಸು ಕೂತಿರುತ್ತಿದ್ದೆ; ಓದಿ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಒಂದು ದಿನ ನೀನು ಕಣ್ಣು ಮುಚ್ಚಿಕೊಂಡೇ ಕೇಳಿದೆ.

‘ಗಿರಿ, ಆ ಹುಡ್ಗಿ ಆಮೇಕೆ ಏನ್ ಮಾಡಿರ್ತಾಳೆ? ಮದ್ವೆ ಗಿದ್ವೆ ಆಗಿರ್ತಾಳಾ?’

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನು ಬದುಕಿದ್ದಾನೆ ಅಕ್ಕ — ಇಷ್ಟು ಸಾಕಾಗಿತ್ತು. ನರ್ಸ್ ಬಂದು ಮೆಶಿನ್ ನೋಡಿದಳು. ಅವಳು ಹೋಗಲಿ ಎಂದು ಕಾದೆ. ಅವಳು ಹೋದ ಮೇಲೆ, ‘ಸುಮ್ನೆ ಮಲಕ್ಕೋ ಅಕ್ಕ, ಮಾತಾಡ್ಬೇಡ’ ಎಂದೆ.

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ ಕಾಫಿ ತಂದು ಎಬ್ಬಿಸಿದರೆ ನೀನು ಏಳಲಿಲ್ಲ.

ಹನ್ನೊಂದನೆಯ ದಿನ ಕಳೆದ ಮೇಲೆ ವೀಣಾ ಕೆಳಗೆ ಬಂದಳು. ನಾನು ನಡುಮನೆಯಲ್ಲಿ ನಿನ್ನ ಸೀರೆಗಳನ್ನು ಮಡಿಸುತ್ತಿದ್ದೆ. ಅವಳೂ ಒಂದು ತುದಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು:

‘ನಿಮ್ಮ ಹತ್ರ ಒಂದು ಒಪ್ಕೋಬೇಕು ಗಿರಿಜಕ್ಕ. ನೀವು ಊರಿಗೆ ಹೋಗಿದ್ದಾಗ ಆರನೇ ಭಾಗ ಬಂತು. ಅಕ್ಕನಿಗೆ ತಡ್ಕೊಳೋಕೆ ಆಗ್ಲಿಲ್ಲ, ನಾನು ಓದಿಬಿಟ್ಟೆ. ಮುಗಿದ ಮೇಲೆ ಅಭ್ಯಾಸಬಲಕ್ಕೆ ಪೆನ್ನಲ್ಲಿ ಚುಕ್ಕಿ ಇಟ್ಬಿಟ್ಟು ಅಕ್ಕ ಎಷ್ಟು ಒದ್ದಾಡಿದ್ರು ಗೊತ್ತಾ? ಗಿರಿಗೆ ಹೇಳ್ಬೇಡ, ಅವಳು ಬಂದ್ ಮೇಲೆ ಮೊದಲಿಂದ ಕೇಳ್ತೀನಿ, ಅವಳು ಓದ್ದೆ ಇದ್ರೆ ನಂಗೆ ಕತೆ ಓದಿದಂಗೇ ಆಗಲ್ಲ ಅಂದ್ರು.’

ನಾನು ಸೀರೆಯ ಮಡಿಕೆ ನೋಡುತ್ತಿದ್ದೆ.

‘ಏಳನೇದು ಬಂದಾಗ ನಾನೇ ಕೇಳ್ದೆ, ಓದ್ಲಾ ಅಂತ. ಬೇಡವೇ ಬೇಡ ಅಂದ್ರು. ಆ ಕತೆ ಮಾತೇ ನನ್ನ ಹತ್ರ ಎತ್ಬೇಡ, ಒಂದ್ಸಲ ತಪ್ಪು ಮಾಡಿದ್ದು ಸಾಕು, ಇನ್ನು ಏನಿದ್ರೂ ಗಿರಿ ಬಾಯಿಂದ್ಲೇ ಅಂದ್ರು. ನಾನೂ ಎತ್ತಲಿಲ್ಲ. ನೀವು ಅಳ್ತಾ ಓದಿದ್ರಿ ಅಂತ ಮಾತ್ರ ಒಂದಿನ ಹೇಳಿದ್ರು. ನಾನೂ ಅಷ್ಟೇ ಕಣ್ರೀ, ಅವನು ವಾಪಸ್ ಬರೋ ಜಾಗದಲ್ಲಿ ತುಂಬ ಅತ್ತೆ. ಅದನ್ನ ಕೇಳಿ ಅಕ್ಕ ಎಷ್ಟು ಖುಷಿಪಟ್ಟಿರ್ಬೇಕು, ಅಲ್ವಾ?’

‘ಹೂಂ’ ಎಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. ‘ಪುಣ್ಯ. ಅದೊಂದು ಆಯ್ತಲ್ಲ’ ಎಂದಳು.

ಅವಳ ಬಾಯನ್ನು ನೀನೇ ಕಟ್ಟಿದ್ದೆ, ನನಗಾಗಿ. ಇಲ್ಲದಿದ್ದರೆ ತಾರಸಿಯ ಮೇಲೆ ಒಂದೇ ಒಂದು ಮಾತಿನಲ್ಲಿ ನಿನಗೆ ನಿಜ ಗೊತ್ತಾಗಿಬಿಡುತ್ತಿತ್ತು. ನನ್ನ ಸುಳ್ಳು ಇಷ್ಟು ದಿನ ನಿಂತದ್ದು ನನ್ನ ಜಾಣತನದಿಂದಲ್ಲ, ನಿನ್ನ ನಿಯತ್ತಿನಿಂದ. ಒಂದು ತಿಂಗಳು ಗೊತ್ತಿದ್ದ ಕತೆಯನ್ನೇ ಮತ್ತೆ ಕೇಳಿದ್ದೆಯಲ್ಲ, ‘ಅಯ್ಯೋ ಶಿವನೇ’ ಎಂದಿದ್ದೆಯಲ್ಲ — ಅದನ್ನು ನಾನು ಮೋಸ ಎಂದು ಲೆಕ್ಕ ಹಾಕಿದ್ದೆ. ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ. ಅದು ನನ್ನ ಮುಂದೆಯೇ ನಡೆಯುತ್ತಿದ್ದರೂ ನಾನು ಅವರೆಬೇಳೆ ಹಿತುಕುವ ಬೆರಳು ನೋಡುತ್ತಿದ್ದೆ.

ಹೊಟ್ಟೆಕಿಚ್ಚು ಈಗ ಹೋಗಿದೆಯೇ ಎಂದರೆ, ಇಲ್ಲ. ಅದನ್ನೂ ಬರೆದುಬಿಡುತ್ತೇನೆ. ಈಗಲೂ ವೀಣಾಳ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಅವಳು ನಿನಗೆ ಓದಿದ್ದೆಲ್ಲ ಪುಸ್ತಕದಲ್ಲಿ ಇದ್ದದ್ದೇ. ಅವಳು ನಿನ್ನನ್ನು ನೆನೆದು ಅಳಬಲ್ಲಳು, ನಡುವೆ ಏನೂ ಅಡ್ಡ ಬರುವುದಿಲ್ಲ. ನಾನು ಅಳಲು ಕೂತರೆ ಮೊದಲು ಆ ಕಲ್ಲಿನ ಪುಟ ಬರುತ್ತದೆ.

ವೀಣಾ, ಅವಳ ಗಂಡ ನಮ್ಮ ಮಹಡಿ ಮನೆ ಬಿಟ್ಟು ಯಲಹಂಕದ ಕಡೆ ಅಪಾರ್ಟ್‌ಮೆಂಟಿಗೆ ಹೋಗಿ ಮೂರು ವರ್ಷವಾಯಿತು. ಕಳೆದ ಭಾನುವಾರ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ನನ್ನನ್ನು ನೋಡಿ ಅವಳಿಗೆ ತುಂಬ ಸಂತೋಷವಾಯಿತು. ಕಾಫಿ, ಚಕ್ಕುಲಿ ತಂದಳು. ‘ತೂಬಿನಾಚೆ ಪೂರ್ತಿ ಸೆಟ್ ಕೊಂಡಿದ್ದೀನಿ, ನೋಡಿ’ ಎಂದು ಒಂಬತ್ತು ಭಾಗಗಳನ್ನೂ ತೋರಿಸಿದಳು. ಅದರ ಮುಂದೆ ಕೂತೇ ಹೇಳಿದೆ. ಇಲ್ಲಿ ಬರೆದ ಹಾಗೆಯೇ, ಮೊದಲಿನಿಂದ.

ಮುಗಿದ ಮೇಲೆ ಅವಳು ಕೇಳಿದಳು: ‘ಈಗ ಯಾಕೆ ಹೇಳಿದ್ರಿ?’

ನಾನು ಕಾಫಿ ಲೋಟ ಕೆಳಗಿಟ್ಟೆ.

‘ಅಕ್ಕನ್ನ ನೆನಪಿಸ್ಕೊಂಡಾಗೆಲ್ಲ ನಂಗೆ ಅದೊಂದು ಸಮಾಧಾನ ಇತ್ತು ಗಿರಿಜಕ್ಕ. ಅದನ್ನೂ ತಗೊಂಡ್ರಿ.’

ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಅವಳು ಬಾಗಿಲ ತನಕ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೆ ನಾನು ಲಿಫ್ಟಿನ ಮುಂದೆ ನಿಂತಿದ್ದಾಗ ಓಡಿ ಬಂದು, ಮುಖ ನೋಡದೆ, ಏಳನೆಯ ಭಾಗವನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು.

ಉಳಿದ ಪುಟಗಳನ್ನು ಈ ವಾರ ಓದಿದೆ. ಮೊದಲಿನಂತೆ ಬೆರಳಿಟ್ಟುಕೊಂಡು, ನಿಧಾನವಾಗಿ, ಒಂದಕ್ಷರ ಬಿಡದೆ. ಕೆಂಚನಾಯಕನಿಗೆ ತಲೆ ನರೆತಿರುತ್ತದೆ. ಒಂದು ಕಾಲು ಎಳೆದು ನಡೆಯುತ್ತಾನೆ. ಶಾಲಿನಿ ತೂಬಿನಿಂದ ಎದ್ದು ಬಂದಾಗ ಅವನು ಏರಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿರುತ್ತಾನೆ. ಅವಳು ಪಕ್ಕದಲ್ಲಿ ಕೂರುತ್ತಾಳೆ. ಆಮೇಲೆ ಅವನು ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಡುತ್ತಾನೆ.

ಅವನು ಬದುಕಿದ್ದದ್ದು ವೀಣಾಳಿಗೆ ಗೊತ್ತು. ನನಗೆ ಗೊತ್ತು. ಆ ಲೈಬ್ರರಿಯಿಂದ ಪುಸ್ತಕ ತೆಗೆದುಕೊಂಡು ಹೋದವರಿಗೆಲ್ಲ ಗೊತ್ತು. ನಿನಗೆ ಗೊತ್ತಿಲ್ಲ.